ಬಸವಪ್ಪನ ವರದಿಯನ್ನು ನುಂಗಿ ಕುಳಿತ ಬೀರುವಿಗೆ

ನಮ್ಮ ಹೋಬಳಿಯ ಪೊಲೀಸ್ ಠಾಣೆಯ ಬರಹಗಾರರ ಕೊಠಡಿಯಲ್ಲಿ, ಗೋಡೆಯ ಮೂಲೆಗೆ ಬೆನ್ನು ಕೊಟ್ಟು, ಒಂದು ಕಾಲಿನ ಕೆಳಗೆ ಇಟ್ಟಿಗೆಯ ಚೂರನ್ನು ಇರಿಸಿಕೊಂಡು ಗಂಭೀರವಾಗಿ ನಿಂತಿರುವ ಹಸಿರು ಬಣ್ಣದ ಕಬ್ಬಿಣದ ಬೀರು ಅವರ ಸನ್ನಿಧಿಗೆ,

ಮಾನ್ಯರೇ,

ತಮಗೂ, ತಮ್ಮ ನಾಲ್ಕು ಖಾನೆಗಳಿಗೂ, ಎಡಕ್ಕೆ ತಿರುಗಿಸಿದರೆ ಬಲಕ್ಕೆ ಹೊರಳುವ ತಮ್ಮ ಹಿಡಿಗೂ ಪಾಂಡವಪುರ ತಾಲ್ಲೂಕು ಮಾಳಿಗೆಕೊಪ್ಪಲಿನ ನಿವೃತ್ತ ಮುಖ್ಯೋಪಾಧ್ಯಾಯಿನಿ ಎಸ್. ಕಮಲಳ ಸವಿನಯ ವಂದನೆಗಳು. ಕಳೆದ ಆಯುಧಪೂಜೆಯಂದು ತಮ್ಮ ಹಣೆಗೆ ಇಟ್ಟ ಕುಂಕುಮ ಇನ್ನೂ ಮಾಸಿಲ್ಲವೆಂಬುದನ್ನು ನಾನು ಕಣ್ಣಾರೆ ಕಂಡಿರುವುದರಿಂದ ತಾವು ಕ್ಷೇಮವೆಂದೇ ಭಾವಿಸಿ ಮುಂದುವರಿಯುತ್ತೇನೆ.

ದೂರುಪತ್ರಗಳನ್ನು ಮನುಷ್ಯರಿಗೆ ಬರೆಯುವುದು ವಾಡಿಕೆ. ನಾನೂ ಆ ವಾಡಿಕೆಯನ್ನು ಮೂರು ಬಾರಿ ಪಾಲಿಸಿದ್ದೇನೆ. ಆದರೆ ನಾನು ಪತ್ರ ಬರೆದಾಗ ಇದ್ದ ಅಧಿಕಾರಿಗಳು ಉತ್ತರ ಬರುವ ವೇಳೆಗೆ ವರ್ಗವಾಗಿದ್ದರು. ಉತ್ತರ ಬರೆದವರು ನಾನು ಮೇಲ್ಮನವಿ ಸಲ್ಲಿಸುವ ವೇಳೆಗೆ ಬಂದೋಬಸ್ತಿಗೆ ಹೋಗಿದ್ದರು. ಮೇಲ್ಮನವಿಯನ್ನು ಸ್ವೀಕರಿಸಿದವರು ಅದನ್ನು ಓದುವ ಮುನ್ನವೇ ನಿವೃತ್ತಿಯ ಹಾರ ಹಾಕಿಸಿಕೊಂಡರು. ಇವರೆಲ್ಲರೂ ಒಮ್ಮತದಿಂದ ಹೇಳಿದ ಮಾತು ಒಂದೇ: 'ವರದಿಯು ಬೀರುವಿನಲ್ಲಿದೆ.' ಹೀಗಿರುವಾಗ, ಬಂದು ಹೋಗುವ ಮನುಷ್ಯರನ್ನು ಪೀಡಿಸುವುದಕ್ಕಿಂತ, ನಿಂತ ನೆಲ ಬಿಟ್ಟು ಕದಲದ, ರಜೆ ಕೇಳದ, ವರ್ಗಾವಣೆಗಾಗಿ ಯಾರ ಮನೆಯ ಬಾಗಿಲನ್ನೂ ತಟ್ಟದ ತಮ್ಮನ್ನೇ ಪ್ರಾರ್ಥಿಸುವುದು ಲೇಸೆಂದು ತೋರಿತು. ತಾವು ಓದಲಾರಿರಿ ಎಂದು ಕೆಲವರು ನಕ್ಕರು. ಹಿಂದಿನ ಮೂವರೂ ಓದಲಿಲ್ಲವಾದ್ದರಿಂದ ಅದನ್ನು ತಮ್ಮ ಒಬ್ಬರ ಕೊರತೆಯೆಂದು ನಾನು ಎಣಿಸಿಲ್ಲ.

ತಮ್ಮ ಮೂರನೆಯ ಖಾನೆಯಲ್ಲಿರುವ ಕಾಗದಗಳು ಯಾರ ಮರಣಕ್ಕೆ ಸಂಬಂಧಿಸಿದವು ಎಂಬುದನ್ನು ನೆನಪಿಸುವುದು ನನ್ನ ಕರ್ತವ್ಯ. ಮೃತರು ನಮ್ಮೂರ ಬಸವಪ್ಪ. ಭೈರವೇಶ್ವರ ದೇವಸ್ಥಾನಕ್ಕೆ ಬಿಟ್ಟ ಬಿಳಿಯ ಹೋರಿ. ಹದಿನಾಲ್ಕು ವರ್ಷ ಯಾರ ಹೊಲದಲ್ಲಾದರೂ ಮೇಯುವ, ಯಾರ ಮನೆಯ ಮುಂದಾದರೂ ಮಲಗುವ ಅಧಿಕಾರವಿದ್ದವನು. ಊರಿನಲ್ಲಿ ಜಗಳವಾದರೆ ಇಬ್ಬರನ್ನೂ ಅವನ ಮುಂದೆ ನಿಲ್ಲಿಸುತ್ತಿದ್ದರು. ಅವನು ಯಾರತ್ತ ನಡೆದು ಬಂದು ತಲೆಯಾಡಿಸುತ್ತಾನೋ ಅವರ ಕಡೆಗೆ ನ್ಯಾಯ. ಅದನ್ನು ನಾವು ಅಪ್ಪಣೆ ಎನ್ನುತ್ತೇವೆ. ಅವನ ತೀರ್ಪಿಗೆ ಎಂದೂ ಮುಂದಿನ ದಿನಾಂಕ ಬಿದ್ದುದಿಲ್ಲ. ತಮ್ಮ ಇಲಾಖೆಗೆ ಹೋಲಿಸಿದರೆ ಇದು ನಿಯಮಬಾಹಿರವಾದ ಆತುರವೆಂದು ಒಪ್ಪುತ್ತೇನೆ.

ಈ ಯುಗಾದಿಯ ಬೆಳಿಗ್ಗೆ ಬಸವಪ್ಪ ನನ್ನ ನೆರೆಮನೆಯ ಅಣ್ಣಮ್ಮನ ಟೊಮೆಟೊ ಸಸಿಗಳ ಮಡಿಗೆ ಇಳಿದನು. ಅಣ್ಣಮ್ಮ ಎರಡು ಹಸು ಕಟ್ಟಿಕೊಂಡು ಬದುಕುತ್ತಿರುವ ವಿಧವೆ. ಅವಳ ಹಾಲು ಗಟ್ಟಿ, ಮಾತು ಅದಕ್ಕಿಂತ ಗಟ್ಟಿ. ಅವಳು ಬೇಲಿಯ ಬಳಿ ನಿಂತು, ನಾಲ್ಕು ಮನೆಗೆ ಕೇಳುವಂತೆ, 'ಏ ಬಸಪ್ಪ, ನಾನ್ ನೆಟ್ಟಿದ್ದೆಲ್ಲಾ ನಿಂಗೇ ಬೇಕೇನ್ಲಾ? ನಿನ್ ಒಟ್ಟೆ ಬಿರಿದೋಗ!' ಎಂದಳು. ಅವಳ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ. ಮೂರನೆಯ ತರಗತಿಯಲ್ಲಿ ನಾನು ಪಟ್ಟ ಶ್ರಮವೆಲ್ಲ ವ್ಯರ್ಥ. ಹಬ್ಬದ ಮರುದಿನದ ವರ್ಷತೊಡಕು ಕಳೆದು ಬೆಳಕು ಹರಿಯುವ ಹೊತ್ತಿಗೆ ಬಸವಪ್ಪ ದೇವಸ್ಥಾನದ ಹಿಂದೆ ನಾಲ್ಕು ಕಾಲು ಚಾಚಿ ಬಿದ್ದಿದ್ದನು, ಮತ್ತು ಅವನ ಹೊಟ್ಟೆ ನಗಾರಿಯಂತೆ ಉಬ್ಬಿತ್ತು. ಶಾಪದ ಮಾತಿಗೂ ಶವದ ಆಕಾರಕ್ಕೂ ಇಷ್ಟು ಹೊಂದಾಣಿಕೆ ಕಂಡ ಮೇಲೆ ಊರಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ದೇವಸ್ಥಾನದ ಯಜಮಾನರಾದ ಬೋರಯ್ಯನವರು ಅಣ್ಣಮ್ಮ ವಿಷ ಹಾಕಿದಳೆಂದು ದೂರು ಕೊಟ್ಟರು. ಅವಳ ಕೊಟ್ಟಿಗೆಯಲ್ಲಿ ಕಳೆನಾಶಕದ ಡಬ್ಬಿ ಸಿಕ್ಕಿತು. ಅಂಥದೇ ಡಬ್ಬಿ ಬೋರಯ್ಯನವರ ಕೊಟ್ಟಿಗೆಯಲ್ಲಿ ಮೂರು ಇವೆಯೆಂಬುದನ್ನು ಪ್ರಥಮ ವರ್ತಮಾನ ವರದಿಯಲ್ಲಿ ಬರೆಯಲು ಸ್ಥಳ ಸಾಲಲಿಲ್ಲ. ಪಶುವೈದ್ಯೆ ಡಾಕ್ಟರ್ ಮೇಘನ ಬಂದು, ಮರೆಗೆ ಟಾರ್ಪಾಲು ಕಟ್ಟಿಸಿ, ಮರಣೋತ್ತರ ಪರೀಕ್ಷೆ ನಡೆಸಿ ವರದಿ ಬರೆದಳು. ಆ ವರದಿ ತಮ್ಮ ಉದರವನ್ನು ಸೇರಿತು.

ಅಂದಿನಿಂದ ಅಣ್ಣಮ್ಮನ ಹಾಲನ್ನು ಊರ ಡೇರಿ ಮುಟ್ಟುತ್ತಿಲ್ಲ. ಕಾರ್ಯದರ್ಶಿ ತಮ್ಮಯ್ಯ ಅವಳ ಕ್ಯಾನು ಕಂಡೊಡನೆ ಆಕಾಶ ನೋಡುತ್ತಾನೆ. ಅವಳ ಬಾವಿಯ ಹಗ್ಗವನ್ನು ಯಾರೂ ಹಿಡಿಯುವುದಿಲ್ಲ; ಅವಳು ಊಟಕ್ಕೆ ಕರೆದ ಮನೆಗಳಿಗೆ ಅಂದೇ ನೆಂಟರು ಬರುತ್ತಾರೆ. ಬೆಳಿಗ್ಗೆ ಏಳು, ಸಂಜೆ ಐದು ಲೀಟರು ಹಾಲು ಎಲ್ಲಿಗೆ ಹೋಗಬೇಕು? ನನ್ನ ಮನೆಗೆ. ನಾನು ಒಬ್ಬಳೇ. ಈಗ ನನ್ನ ಮನೆಯಲ್ಲಿ ಮೊಸರಿಲ್ಲದ ಪಾತ್ರೆಯಿಲ್ಲ. ಕಳೆದ ವಾರ ಹೂವಿನ ಕುಂಡವೊಂದನ್ನು ತೊಳೆದು ಹೆಪ್ಪು ಹಾಕಿದ್ದೇನೆ. ನಾಗಮಂಗಲದ ನನ್ನ ನಾದಿನಿ ಆರತಿ, ನಾನು ಕಳುಹಿಸುವ ತುಪ್ಪ ಸಾಕೆಂದು ಕೈಮುಗಿದು ಪತ್ರ ಬರೆದಿದ್ದಾಳೆ. ಇಷ್ಟಲ್ಲದೆ, ಊರಿನ ಶಂಕೆ ನಿವಾರಣೆಯಾಗಲೆಂದು ಪ್ರತಿ ದಿನ ಬೆಳಿಗ್ಗೆ ಎಂಟಕ್ಕೆ ಜಗಲಿಯ ಮೇಲೆ ಕುಳಿತು ಎಲ್ಲರಿಗೂ ಕಾಣುವಂತೆ ಅಣ್ಣಮ್ಮನ ಹಾಲನ್ನು ಒಂದು ದೊಡ್ಡ ಲೋಟ ಕುಡಿಯುತ್ತೇನೆ. ಯುಗಾದಿ ಹೋಗಿ ಆಷಾಢ ಬಂದಿತು; ನಾನಿನ್ನೂ ಸತ್ತಿಲ್ಲ. ಊರಿನವರು ನಿರಾಶರಾಗದೆ ದಿನವೂ ಬಂದು, 'ಉಸಾರಾಗಿದ್ದೀರಾ ಟೀಚರಮ್ಮ?' ಎಂದು ಅಕ್ಕರೆಯಿಂದ ವಿಚಾರಿಸಿ, ಸ್ವಲ್ಪ ಹೊತ್ತು ಕಾದು ಹೋಗುತ್ತಾರೆ.

ಅಣ್ಣಮ್ಮ ಮಾತ್ರ ಅಂದಿನಿಂದ ಬೈಯುವುದನ್ನೇ ನಿಲ್ಲಿಸಿದ್ದಾಳೆ. 'ನಾನ್ ಬೈದದ್ದು ದಿಟ ಕನವ್ವ,' ಎಂದಳು ಒಂದು ದಿನ, ಕ್ಯಾನು ಇಳಿಸುತ್ತಾ. 'ದಿನಾ ಬೈತಿದ್ದೆ. ಅವ್ನೂ ದಿನಾ ಬತ್ತಿದ್ದ. ನಾವಿಬ್ರೂ ಅಂಗೇ ಇದ್ದೊ.' ಬೇಲಿಯಾಚೆ ಅವಳ ದನಿ ಕೇಳದ ಬೆಳಗುಗಳು ನನಗೆ ಅಭ್ಯಾಸವಾಗಿಲ್ಲ. ಮಾನ್ಯರೇ, ನಾನು ವರದಿಯನ್ನು ಕೇಳುತ್ತಿರುವುದು ಈ ಕಾರಣಕ್ಕೆ; ಕುತೂಹಲಕ್ಕಲ್ಲ.

ಆದ್ದರಿಂದ ಮಾಹಿತಿ ಹಕ್ಕಿನ ಅಡಿಯಲ್ಲಿ ಅರ್ಜಿ ಹಾಕಿದೆ. ಬಂದ ಮೊದಲ ಉತ್ತರ: 'ಸದರಿ ಪ್ರಕರಣವು ತನಿಖಾ ಹಂತದಲ್ಲಿ ಇರುವುದರಿಂದ ಕಲಂ ಎಂಟು, ಒಂದು, ಹೆಚ್ ರ ಮೇರೆಗೆ ಸದರಿ ಮಾಹಿತಿಯನ್ನು ಸದರಿಯವರಿಗೆ ನೀಡಲು ಬರುವುದಿಲ್ಲ.' ಒಂದೇ ವಾಕ್ಯದಲ್ಲಿ ಮೂರು 'ಸದರಿ'! ನಾನು ಕೆಂಪು ಶಾಯಿಯಲ್ಲಿ ತಿದ್ದಿ, ಹತ್ತಕ್ಕೆ ನಾಲ್ಕು ಅಂಕ ಕೊಟ್ಟು, 'ಅಕ್ಷರ ದುಂಡಗಿದೆ, ವಿಷಯ ಸಾಲದು' ಎಂದು ಷರಾ ಬರೆದು ಹಿಂದಿರುಗಿಸಿದೆ. ಶ್ರೀರಂಗಪಟ್ಟಣದಲ್ಲಿ ವಕೀಲನಾಗಿರುವ ನನ್ನ ತಮ್ಮ ಶ್ರೀನಿವಾಸಮೂರ್ತಿ ಆ ಉತ್ತರವನ್ನು ನೋಡಿ, 'ಅಕ್ಕಯ್ಯ, ತನಿಖೆ ನಡೀತಿದೆ ಅಂದ್ರೆ ಸಾಲದು. ಕೊಟ್ರೆ ತನಿಖೆ ಹೇಗೆ ಕೆಡುತ್ತೆ ಅಂತ ಅವ್ರು ಹೇಳ್ಬೇಕು. ಮೇಲ್ಮನವಿ ಹಾಕು' ಎಂದನು. ಹಾಕಿದೆ. ಎರಡನೆಯ ಉತ್ತರ ಇನ್ನೂ ಘನವಾಗಿತ್ತು: ವರದಿಯು ಮೂರನೆಯ ವ್ಯಕ್ತಿಯ ದೇಹಸ್ಥಿತಿಗೆ ಸಂಬಂಧಿಸಿದ ಖಾಸಗಿ ಮಾಹಿತಿಯಾದ್ದರಿಂದ ಮೃತರ ವಾರಸುದಾರರ ಒಪ್ಪಿಗೆ ಪತ್ರವನ್ನು ಲಗತ್ತಿಸತಕ್ಕದ್ದು.

ಹದಿನಾಲ್ಕು ವರ್ಷ ಹಾಡುಹಗಲೇ ನಡುಬೀದಿಯಲ್ಲಿ ಸಕಲ ದೇಹಬಾಧೆಗಳನ್ನೂ ತೀರಿಸಿಕೊಂಡ ಬಸವಪ್ಪನಿಗೆ ಖಾಸಗಿತನವೆಂಬುದೊಂದಿತ್ತೆಂದು ನನಗೆ ಅಂದೇ ತಿಳಿದದ್ದು. ವಾರಸುದಾರರ ವಿಷಯಕ್ಕೆ ಬಂದರೆ, ಹೊಸ ಬಸವನನ್ನು ಹುಡುಕಲು ಊರ ಹಿರಿಯರು ಕೆ.ಆರ್. ಪೇಟೆಯ ಕಡೆಗೆ ಹೋಗಿ ಒಂದು ಕರುವನ್ನು ನೋಡಿ ಬಂದಿದ್ದಾರೆ. ಅದಕ್ಕೆ ಐದು ತಿಂಗಳು. ಸಹಿ ಮಾಡಲು ಬರುವುದಿಲ್ಲ. ಗೊರಸಿನ ಗುರುತು ಸಾಕೇ ಎಂದು ವಿಚಾರಿಸಿ ಬರೆದೆ. ಮೂರನೆಯ ಉತ್ತರ ಬಂದಿತು: ವರದಿಯು ಬೀರುವಿನಲ್ಲಿ ಸುರಕ್ಷಿತವಾಗಿದೆ, ಅಂತಿಮ ಅಭಿಪ್ರಾಯಕ್ಕೆ ಮಾದರಿಯ ರಾಸಾಯನಿಕ ಪರೀಕ್ಷೆ ಬಾಕಿಯಿದೆ.

ಈ 'ಸುರಕ್ಷಿತ' ಎಂಬ ಪದವನ್ನು ಕುರಿತು ಎರಡು ಮಾತು ಹೇಳಲು ಅಪ್ಪಣೆಯಾಗಬೇಕು. ಆದಿಚುಂಚನಗಿರಿಗೆ ಹೋಗಿ ಹಿಂದಿರುಗುವಾಗ ಬೆಳ್ಳೂರು ಕ್ರಾಸಿನ ಹೋಟೆಲೊಂದರಲ್ಲಿ ಕಾಫಿಗೆ ಕುಳಿತಿದ್ದೆ. ಪಕ್ಕದ ಮೇಜಿನಲ್ಲಿದ್ದ, ನಾನೆಂದೂ ಕಾಣದ ಮಹನೀಯರೊಬ್ಬರು ತಮ್ಮ ಗೆಳೆಯನಿಗೆ, 'ಆ ಮಾಳಿಗೆಕೊಪ್ಪಲ ಬಸ್ವನ್ ಒಟ್ಟೇಲಿ ಎರಡ್ ಲೀಟ್ರು ಕಳೆ ಔಸ್ದಿ ಸಿಕ್ತಂತೆ ಕಣ್ಲಾ, ಡಾಕ್ಟ್ರೇ ಬರ್ದವ್ರೆ' ಎಂದು ವಿವರಿಸುತ್ತಿದ್ದರು. ಚಿನಕುರಳಿಯ ಬಸ್ಸಿನಲ್ಲಿ ಅದೇ ಔಷಧ ಐದು ಲೀಟರಾಗಿತ್ತು. ನಮ್ಮೂರಿನ ಟೀ ಅಂಗಡಿಯ ಚಲುವಯ್ಯನ ಬಳಿ ವರದಿಯ ಮೂರು ಪಾಠಾಂತರಗಳಿವೆ: ಬೆಳಗಿನದು ವಿಷ, ಮಧ್ಯಾಹ್ನದ್ದು ಮಾಟ, ಸಂಜೆಯದು ಎರಡೂ. ಅಂದರೆ, ಲಿಖಿತವಾಗಿ ಕೇಳಿದ ಒಬ್ಬಳನ್ನು ಬಿಟ್ಟು ಈ ಸೀಮೆಯ ಎಲ್ಲರಿಗೂ ವರದಿ ತಲುಪಿದೆ. ವರದಿ ಹೊರಬಂದರೆ ತನಿಖೆ ಕೆಡುವುದಾದರೆ, ಸುಳ್ಳು ವರದಿಗಳು ಹೊರಗೆ ತಿರುಗಾಡಿದರೆ ತನಿಖೆ ಸುಧಾರಿಸುತ್ತದೆಯೇ? ತಮ್ಮ ಎರಡನೆಯ ಖಾನೆ ಖಾಲಿಯಿರುವಂತೆ ಕಂಡಿತು. ಪ್ರಕರಣ ಮುಗಿಯುವವರೆಗೆ ಚಲುವಯ್ಯನ ನಾಲಗೆಯನ್ನೂ ಅಲ್ಲಿರಿಸಿಕೊಂಡು ಸ್ವೀಕೃತಿ ಕೊಟ್ಟರೆ ಆಭಾರಿಯಾಗುತ್ತೇನೆ.

ತಮ್ಮ ಜೀರ್ಣಶಕ್ತಿಯನ್ನು ಮಾತ್ರ ಹೊಗಳದೆ ಇರಲಾರೆ. ಮೂವತ್ತಾರು ವರ್ಷ ಐದನೆಯ ತರಗತಿಗೆ ನಾನು ಹೇಳಿಕೊಟ್ಟ ಪಾಠವೊಂದಿದೆ: ಹಸುವಿನ ಹೊಟ್ಟೆಗೆ ನಾಲ್ಕು ಕೋಣೆಗಳು, ಅದು ಅವಸರದಲ್ಲಿ ನುಂಗಿದ್ದನ್ನು ಬಿಡುವಿನಲ್ಲಿ ಮತ್ತೆ ಬಾಯಿಗೆ ತಂದುಕೊಂಡು ಮೆಲುಕು ಹಾಕುತ್ತದೆ. ತಮಗೂ ನಾಲ್ಕು ಖಾನೆಗಳಿವೆ. ಆದರೆ ತಾವು ನುಂಗಿದ್ದು ನುಂಗಿದ್ದೇ. ಮತ್ತೆ ಬಾಯಿಗೆ ತಂದ ಅಪಕೀರ್ತಿ ತಮಗಿಲ್ಲ. ಪಶುವೈದ್ಯ ಶಾಸ್ತ್ರ ತಮ್ಮನ್ನು ಪ್ರತ್ಯೇಕ ಜಾತಿಯೆಂದು ಗುರುತಿಸುವ ಕಾಲ ದೂರವಿಲ್ಲ.

ಇನ್ನು ಆ ಮಾದರಿಯ ವಿಷಯ. ಇದರಲ್ಲಿ ನನ್ನ ಪಾತ್ರವೂ ಇದೆ. ಪರೀಕ್ಷೆ ಮುಗಿದ ಮೇಲೆ ಡಾಕ್ಟರ್ ಮೇಘನ ಬಸವಪ್ಪನ ಜಠರದ ತುಣುಕುಗಳನ್ನು ಅಗಲ ಬಾಯಿಯ ಗಾಜಿನ ಭರಣಿಯಲ್ಲಿರಿಸಿ, ಬಿಳಿಯ ಬಟ್ಟೆ ಕಟ್ಟಿ, ಅರಗಿನ ಮುದ್ರೆಯೊತ್ತಿ, ಪ್ರಯೋಗಾಲಯಕ್ಕೆ ಕೊಂಡೊಯ್ಯಲು ಪೇದೆ ದಿಲೀಪ್ ಅವರ ಕೈಗೆ ಒಪ್ಪಿಸಿದಳು. ಅದೇ ಸಂಜೆ ಬಸವಪ್ಪನನ್ನು ಗುಂಡಿಗಿಳಿಸಿ ಗದ್ದುಗೆ ಮಾಡುವ ಶಾಸ್ತ್ರ. ದಿಲೀಪ್ ಅವರೂ ದೈವಭಕ್ತರ ಮನೆಯವರು, ಕೈಮುಗಿಯದೆ ಹೋಗುವುದುಂಟೇ? ಬೂಟು ಬಿಚ್ಚುವುದಕ್ಕಾಗಿ ಭರಣಿಯನ್ನು ಪೂಜೆಯ ಸಾಮಾನಿನ ಪಕ್ಕ ಇಟ್ಟರು. ಬಿಳಿಯ ಬಟ್ಟೆ, ಕೆಂಪು ಮುದ್ರೆ. ನೋಡಿದವರಿಗೆ ಯಾವುದೋ ಮಠದಿಂದ ಬಂದ ತೀರ್ಥದಂತಿತ್ತು. ಒಬ್ಬರು ಹಾರ ಹಾಕಿದರು, ಇನ್ನೊಬ್ಬರು ವಿಭೂತಿ ಬಳಿದರು. ಅಕ್ಷರ ಕಂಡರೆ ಓದದೆ ಬಿಡದ ನಾನು, ಭರಣಿಗೆ ಅಂಟಿಸಿದ್ದ ಚೀಟಿಯ ಮೇಲೆ ಕುಂಕುಮ ಮೆತ್ತಿದ್ದರಿಂದ ಓದದೆ, ಒಂದು ಕೆಂಪು ದಾಸವಾಳವನ್ನಿಟ್ಟು ನಮಸ್ಕರಿಸಿದೆ. ದಿಲೀಪ್ ಅವರನ್ನು ಬಿಟ್ಟರೆ ಅದೇನೆಂದು ಬೋರಯ್ಯನವರಿಗೆ ಮಾತ್ರ ಗೊತ್ತಿತ್ತು. 'ಬಸಪ್ಪನ್ ಒಂದ್ ತುಣುಕೂ ಈಚೆ ಉಳಿಬಾರ್ದು, ಉಳುದ್ರೆ ಊರ್ಗಾಗಕಿಲ್ಲ' ಎಂದು ಹೇಳಿ, ಎರಡೂ ಕೈಯಿಂದ ಎತ್ತಿ ಗುಂಡಿಯೊಳಗೆ ಇಳಿಸಿಬಿಟ್ಟರು. ದಿಲೀಪ್ ಕಣ್ಣು ಮುಚ್ಚಿ ಕೈಮುಗಿದಿದ್ದವರು ಕಣ್ಣು ತೆರೆಯುವ ವೇಳೆಗೆ ಮಣ್ಣು ಬಿದ್ದಿತ್ತು.

ಈಗ ಪರಿಸ್ಥಿತಿ ಹೀಗಿದೆ. ವರದಿ ಕೊಡಲು ತನಿಖೆ ಮುಗಿಯಬೇಕು. ತನಿಖೆ ಮುಗಿಯಲು ಭರಣಿ ಬೇಕು. ಭರಣಿ ತೆಗೆಯಲು ಗದ್ದುಗೆ ಅಗೆಯಬೇಕು. ಗದ್ದುಗೆ ಅಗೆಯಲು ದೇವರ ಅಪ್ಪಣೆ ಬೇಕು. ಅಪ್ಪಣೆ ಕೊಡಬೇಕಾದ ಬಸವಪ್ಪ ಗದ್ದುಗೆಯೊಳಗಿದ್ದಾನೆ. ಇಷ್ಟು ಬಿಗಿಯಾದ ಬಂಧವನ್ನು ನಾನು ಷಟ್ಪದಿಗಳಲ್ಲಿಯೂ ಕಂಡಿಲ್ಲ.

ಕಳೆದ ತಿಂಗಳು ಡಾಕ್ಟರ್ ಮೇಘನ ಕಾಲುಬಾಯಿ ಜ್ವರದ ಲಸಿಕೆ ಹಾಕಲು ಊರಿಗೆ ಬಂದಳು. ಅವಳು ನನ್ನ ಹಳೆಯ ವಿದ್ಯಾರ್ಥಿನಿ. ಜಗಲಿಯ ಮೇಲೆ ಕೂರಿಸಿ ಮಜ್ಜಿಗೆ ಕೊಟ್ಟೆ. ನಮ್ಮಲ್ಲಿ ಅದಕ್ಕೆ ಕೊರತೆಯಿಲ್ಲ. ನಾನು ಬಾಯಿ ತೆರೆಯುವ ಮುನ್ನವೇ ಅವಳು, 'ಟೀಚರ್, ಆ ವರದಿ ವಿಷ್ಯ ಕೇಳ್ಬೇಡಿ. ಕೇಸ್ ನಡೀತಿದೆ, ನಾನು ಬಾಯಿ ಬಿಡೋ ಹಾಗಿಲ್ಲ' ಎಂದಳು. ಪರೀಕ್ಷೆಯಲ್ಲಿ ಪಕ್ಕದವರಿಗೆ ಉತ್ತರ ತೋರಿಸದ ಹುಡುಗಿ ಅವಳು. ನನಗೆ ಸಂತೋಷವೇ ಆಯಿತು. ಹಾಗಾದರೆ ವರದಿ ಬೇಡ, ಪಾಠ ಹೇಳು, ಎಂದೆ. ಲೋಕದಲ್ಲಿ ಯಾವುದಾದರೂ ಒಂದು ಹೋರಿ, ಯಾವುದಾದರೂ ಒಂದು ಹಬ್ಬದ ದಿನ, ಮನೆಮನೆಯಲ್ಲಿ ಅಕ್ಕಿ, ಬೆಲ್ಲ, ಒಬ್ಬಟ್ಟು ತಿಂದರೆ ಏನಾಗುತ್ತದೆ?

ಅವಳು ಲೋಟವನ್ನು ಕೆಳಗಿಟ್ಟಳು. 'ನೀವೇ ಹೇಳಿದ್ದಲ್ವಾ ಟೀಚರ್, ಆ ನಾಲ್ಕು ಕೋಣೆ ಇರೋದು ಹುಲ್ಲಿಗೆ ಅಂತ. ಹಿಟ್ಟು ಬೆಲ್ಲ ಒಂದೇ ಸಲಕ್ಕೆ ಮಿತಿ ಮೀರಿ ಬಿದ್ರೆ ಒಳಗೆಲ್ಲಾ ಹುಳಿ ಬಂದ್ಬಿಡುತ್ತೆ. ಹೊಟ್ಟೆ ಉಬ್ಬುತ್ತೆ. ಒಂದೆರಡು ದಿನ ಅಷ್ಟೆ.' ಅಷ್ಟಕ್ಕೇ ನಿಲ್ಲಿಸಿ ಎದ್ದಳು. ಗೇಟಿನ ಬಳಿ ಹೆಲ್ಮೆಟ್ಟು ಹಾಕಿಕೊಳ್ಳುತ್ತಾ, ತಿರುಗಿ ನೋಡದೆ ಕೇಳಿದಳು: 'ಅವತ್ತು ನಿಮ್ಮನೇಲಿ ಎಷ್ಟು ಕೊಟ್ರಿ ಟೀಚರ್?'

ಪ್ರಶ್ನೆ ಕೇಳಿದರೆ ಎದ್ದು ನಿಂತು ಪೂರ್ಣ ವಾಕ್ಯದಲ್ಲಿ ಉತ್ತರಿಸಬೇಕೆಂದು ಸಾವಿರಾರು ಮಕ್ಕಳಿಗೆ ಕಲಿಸಿದ ನಾನು, ಎದ್ದು ನಿಂತು ಬೆರಳು ಮಡಚಿ ಒಬ್ಬಟ್ಟುಗಳನ್ನು ಎಣಿಸತೊಡಗಿದೆ.

ಮಾನ್ಯರೇ, ತಮ್ಮ ಬಾಗಿಲನ್ನು ತೆರೆಯುವುದು ನನ್ನ ಕೈಯಲ್ಲಿಲ್ಲ. ಆದರೆ ನಾನು ಮೂರು ಜನಗಣತಿಗಳಲ್ಲಿ ಮನೆ ಮನೆ ತಿರುಗಿದವಳು. ಉದ್ದನೆಯ ನೋಟ್‌ಪುಸ್ತಕವೊಂದಕ್ಕೆ ಗೆರೆ ಹಾಕಿದೆ: ಮನೆಯ ಕ್ರಮಸಂಖ್ಯೆ, ಯಜಮಾನರ ಹೆಸರು, ಯುಗಾದಿಯಂದು ಬಸವಪ್ಪನಿಗೆ ಸಲ್ಲಿಸಿದ್ದು, ಸಹಿ. ಮೊದಲನೆಯ ಸಾಲನ್ನು ನಾನೇ ತುಂಬಿದೆ: ಎಸ್. ಕಮಲ, ತುಪ್ಪ ಸವರಿದ ಒಬ್ಬಟ್ಟು, ಹನ್ನೆರಡು. ಉಳಿದ ಎಪ್ಪತ್ತು ಮನೆಗಳಿಗೆ ಹೊರಟೆ. ಜನಗಣತಿಯಲ್ಲಿ ಜನ ವಯಸ್ಸನ್ನು ಮುಚ್ಚಿಡುತ್ತಾರೆ, ಹಸುವನ್ನು ಮುಚ್ಚಿಡುತ್ತಾರೆ, ಬಂದ ಅಳಿಯನನ್ನೂ ಮುಚ್ಚಿಡುತ್ತಾರೆ. ಭಕ್ತಿಯನ್ನು ಮುಚ್ಚಿಡುವವರನ್ನು ನಾನು ಕಾಣಲಿಲ್ಲ.

'ನಮ್ಮನೇದು ಬರ್ಕಳಿ ಟೀಚರಮ್ಮ,' ಎಂದರು ಬೋರಯ್ಯನವರು, ಹೆಗಲ ಟವೆಲನ್ನು ಸರಿಪಡಿಸಿಕೊಂಡು. 'ಇಪ್ಪತ್ತು ಒಬ್ಬಟ್ಟು, ಒಂದ್ ಮೊರ ನೆನೆ ಅಕ್ಕಿ, ಆರಚ್ಚು ಬೆಲ್ಲ. ಯಜಮಾನ್ರ ಮನೆ ಅಂದ್ಮೇಲೆ ಕಮ್ಮಿ ಮಾಡಕಾಯ್ತದಾ?' ಅವರ ಧರ್ಮಪತ್ನಿ ಚಿಕ್ಕಮ್ಮನವರು ಒಳಗಿನಿಂದ, 'ಇಪ್ಪತ್ತಲ್ಲ ಕನಿ, ಇಪ್ಪತ್ತೈದು! ಸರ್ಯಾಗಿ ಬರ್ಸಿ. ಮೂಲೆಮನೆಯೋರೇ ಇಪ್ಪತ್ತೆರಡು ಬರ್ಸವ್ರಂತೆ' ಎಂದು ಎಚ್ಚರಿಸಿದರು. ಚಲುವಯ್ಯ ಎರಡು ಡಜನ್ ಬನ್ನು ಬರೆಸಿ, 'ಅವತ್ತಿಂದೇ ಬನ್ನು, ಅಳೇದಲ್ಲ ಅಂತ ಸೇರ್ಸಿ' ಎಂದನು. ಡೇರಿಯ ತಮ್ಮಯ್ಯ ಹತ್ತು ಒಬ್ಬಟ್ಟು, ಒಂದು ಗೊನೆ ಬಾಳೆಹಣ್ಣು.

ಕೊನೆಗೆ ಅಣ್ಣಮ್ಮನ ಮನೆ. 'ನಾನೇನ್ ಕೊಟ್ಟೆ ಟೀಚರಮ್ಮ? ಬೈಗುಳ ಕೊಟ್ಟೆ. ಸೊನ್ನೆ ಬರ್ಕಳಿ.' ಸಹಿ ಮಾಡಿ ಪುಸ್ತಕ ಹಿಂದಿರುಗಿಸುವಾಗ ಹೇಳಿದಳು: 'ಸಂಜಿಕ್ ಬತ್ತಾನೆ, ಕೊಡಾವ ಅಂತ ಒಂದ್ ಒಬ್ಬಟ್ಟು ಎತ್ತಿಟ್ಟಿದ್ದೆ. ಬರ್ನೇ ಇಲ್ಲ.'

ಪಟ್ಟಿಯನ್ನು ದೊಡ್ಡ ಅಕ್ಷರಗಳಲ್ಲಿ ಶುದ್ಧಪ್ರತಿ ಮಾಡಿ, ಮೊನ್ನೆ ಸೋಮವಾರ ಬೆಳಿಗ್ಗೆ ಡೇರಿಯ ಗೋಡೆಗೆ ಅಂಟಿಸಿದೆ. ಮೊದಲ ಅರ್ಧ ಗಂಟೆ ಜಾತ್ರೆಯೇ ನೆರೆಯಿತು. ಬಂದವರೆಲ್ಲ ತಮ್ಮ ಸಾಲನ್ನು ಹುಡುಕಿ, ನೆರೆಯವರ ಸಾಲನ್ನು ಅಳೆದು, ತಮ್ಮದು ಕಡಿಮೆಯಾಗಿದೆಯೆಂದು ನನ್ನ ಮೇಲೆ ಆಕ್ಷೇಪಣೆ ತಂದರು. ಐವರಿಗೆ ಸ್ಥಳದಲ್ಲಿಯೇ ಹೆಚ್ಚಿಸಿಕೊಟ್ಟೆ. ಆಮೇಲೆ ತಮ್ಮಯ್ಯ ಕನ್ನಡಕ ಹಾಕಿಕೊಂಡು ಪಟ್ಟಿಯ ಕೊನೆಯ ಸಾಲನ್ನು ಗಟ್ಟಿಯಾಗಿ ಓದಿದನು: 'ಒಟ್ಟು, ಒಬ್ಬಟ್ಟು ಎಂಟುನೂರ ಹನ್ನೊಂದು, ಅಕ್ಕಿ ಹತ್ತೊಂಬತ್ತು ಮೊರ, ಬೆಲ್ಲ ನೂರ ನಾಲ್ಕು ಅಚ್ಚು, ಬಾಳೆಹಣ್ಣು ಒಂಬತ್ತು ಗೊನೆ, ಬನ್ನು ಎರಡು ಡಜನ್.'

ಹಾಲು ಸುರಿಯುತ್ತಿದ್ದವರೂ ಕ್ಯಾನು ಕೆಳಗಿಟ್ಟು ಪಟ್ಟಿಯ ಬಳಿಗೆ ಬಂದರು. ಕಡೆಗೆ ಚಿಕ್ಕಮ್ಮನವರು ಬಹಳ ಸಣ್ಣ ದನಿಯಲ್ಲಿ ಕೇಳಿದರು: 'ಇಷ್ಟೂವೆ... ಒಂದೇ ಒಟ್ಟೆಗಾ?'

ಭಕ್ತಿಯ ಉತ್ಸಾಹವೆಂದು ಅರ್ಧಕ್ಕರ್ಧ ಕಳೆದರೂ ಉಳಿದದ್ದು ಸಾಕಾಗಿತ್ತು. ಬೋರಯ್ಯನವರು ನನ್ನ ಕೈಯಿಂದ ನೋಟ್‌ಪುಸ್ತಕವನ್ನು ತೆಗೆದುಕೊಂಡು ತಮ್ಮ ಸಹಿಯಿದ್ದ ಸಾಲನ್ನು ಹುಡುಕಿದರು. ಆಗ ಅಣ್ಣಮ್ಮ, ಅಭ್ಯಾಸದಂತೆ, ಡೇರಿಯ ಮುಂದಿನಿಂದ ನನ್ನ ಮನೆಯ ಕಡೆಗೆ ಕ್ಯಾನು ಹೊತ್ತು ಹೊರಟಿದ್ದಳು. ತಮ್ಮಯ್ಯ ಆಕಾಶ ನೋಡಲಿಲ್ಲ. ಎದ್ದು ಹೋಗಿ ಅವಳ ಕೈಯಿಂದ ಕ್ಯಾನು ಇಳಿಸಿಕೊಂಡು, ಅಳತೆಯ ಕೊಳವೆಯನ್ನು ಹಾಲಿನಲ್ಲಿಟ್ಟು, ಏನಾದರೂ ಹೇಳಲೇಬೇಕಾದ್ದರಿಂದ, 'ನೀರ್ ವಸಿ ಜಾಸ್ತಿ ಅದೆ ಕನಕ್ಕ' ಎಂದನು.

'ನೀರ್ ಉಯ್ದಿರ್ಬೌದು ಕನ್ಲಾ,' ಎಂದಳು ಅಣ್ಣಮ್ಮ, ನಾಲ್ಕು ಮನೆಗೆ ಕೇಳುವಂತೆ. 'ಒಬ್ಬಟ್ಟು ಉಯ್ದಿಲ್ಲ.'

ಮೂರು ತಿಂಗಳ ನಂತರ ಅವಳು ಬೈದದ್ದು ಅದೇ ಮೊದಲು. ನನಗೆ ಆದ ಸಂತೋಷವನ್ನು ಬರೆಯಲು ತಕ್ಕ ಪದ ಹುಡುಕುತ್ತಿದ್ದೇನೆ; ಸಿಕ್ಕಿದೊಡನೆ ತಿಳಿಸುತ್ತೇನೆ.

ಆದರೆ ಡೇರಿಯ ಗೋಡೆ ನ್ಯಾಯಾಲಯಕ್ಕೆ ನಡೆದು ಹೋಗಿ ಸಾಕ್ಷಿ ನುಡಿಯಲಾರದು, ಮತ್ತು ಅಣ್ಣಮ್ಮನ ಹೆಸರು ಇಂದಿಗೂ ತಮ್ಮ ಹೊಟ್ಟೆಯಲ್ಲಿಯೇ ಇದೆ. ಆದ್ದರಿಂದ ನನ್ನ ಕೋರಿಕೆ ನಿಂತಿದೆ. ತಾವು ದಯಮಾಡಿ ಒಂದು ದಿನ, ಒಂದೇ ಒಂದು ದಿನ, ಅನಾರೋಗ್ಯದ ರಜೆ ಹಾಕಿ ಬಾಗಿಲು ಸಡಿಲಿಸಿ ಮಲಗಬೇಕು. ಅದು ಸೇವಾ ನಿಯಮಗಳಿಗೆ ವಿರುದ್ಧವಾದರೆ, ಮೂರನೆಯ ಖಾನೆಗೆ ಅಕ್ಷರ ಬಲ್ಲ ಗೆದ್ದಲುಗಳನ್ನು ನೇಮಿಸಿಕೊಂಡು, ಅವು ತಿನ್ನುವ ಮುನ್ನ ಗಟ್ಟಿಯಾಗಿ ಓದುವಂತೆ ಆದೇಶಿಸಬೇಕು. ಅದೂ ಆಗದಿದ್ದರೆ ಕಾಲಿನ ಕೆಳಗಿನ ಇಟ್ಟಿಗೆಯ ಚೂರನ್ನು ಸ್ವಲ್ಪ ಜಾರಿಸಿ, ತಲೆಯಾಡಿಸಿಯಾದರೂ ಅಪ್ಪಣೆ ಕೊಡಬೇಕು. ಬಸವಪ್ಪನಿಲ್ಲದ ಊರಿನಲ್ಲಿ ಈಗ ಆ ಹುದ್ದೆ ಖಾಲಿಯಿದೆ. ಕೆ.ಆರ್. ಪೇಟೆಯ ಕರು ಬಂದರೆ ಅದರ ಕೊರಳಿಗೆ ಗಂಟೆಯ ಜೊತೆಗೆ 'ಹುಲ್ಲು ಮಾತ್ರ' ಎಂಬ ಫಲಕವನ್ನು ಕಟ್ಟುವುದಾಗಿ ಬೋರಯ್ಯನವರು ಒಪ್ಪಿದ್ದಾರೆ. ಬರೆಯುವ ಕೆಲಸವನ್ನು ನಾನು ಬೇರೆಯವರಿಗೆ ಬಿಟ್ಟಿಲ್ಲ.

ಪಟ್ಟಿಯ ನಕಲೊಂದನ್ನು ಇದರೊಂದಿಗೆ ಲಗತ್ತಿಸಿದ್ದೇನೆ. ಮರಣೋತ್ತರ ವರದಿಯ ಪಕ್ಕದಲ್ಲಿ ಇರಿಸಿಕೊಳ್ಳಿ. ಎರಡೂ ಪರಸ್ಪರ ಪರಿಚಯ ಮಾಡಿಕೊಳ್ಳಲಿ. ಎಪ್ಪತ್ತೊಂದು ಸಾಲುಗಳಲ್ಲಿ ಸೊನ್ನೆ ಇರುವುದು ಒಂದೇ ಸಾಲಿನಲ್ಲಿ, ಮತ್ತು ಆಪಾದಿತೆಯ ಹೆಸರು ಇರುವುದೂ ಅದೇ ಸಾಲಿನಲ್ಲಿ. ಸೊನ್ನೆ ಪಡೆದವರನ್ನು ಮೊದಲ ದರ್ಜೆಯಲ್ಲಿ ತೇರ್ಗಡೆ ಮಾಡಿದ್ದು, ಹನ್ನೆರಡು ಪಡೆದ ನನ್ನನ್ನು ಹಿಂದಿನ ಬೆಂಚಿಗೆ ಕಳುಹಿಸಿದ್ದು, ನನ್ನ ಇಡೀ ವೃತ್ತಿಜೀವನದಲ್ಲಿ ಇದೇ ಮೊದಲು.

ತಮ್ಮ ಬೀಗದಷ್ಟು ಗಟ್ಟಿಯಾದ, ಆದರೆ ಅದಕ್ಕಿಂತ ಹೆಚ್ಚು ಕಾಲ ಕಾಯಬಲ್ಲ ಗೌರವದೊಂದಿಗೆ,

ತಮ್ಮ ವಿಶ್ವಾಸಿ,
ಎಸ್. ಕಮಲ
ಮನೆ ಕ್ರಮಸಂಖ್ಯೆ ಒಂದು (ಹನ್ನೆರಡು ಒಬ್ಬಟ್ಟು)
ಮಾಳಿಗೆಕೊಪ್ಪಲು

ತಾ.ಕ.: ಬರುವ ಆಯುಧಪೂಜೆಗೆ ತಮಗೆ ಕುಂಕುಮವನ್ನು ಮಾತ್ರ ಕಳುಹಿಸುತ್ತೇನೆ, ಒಬ್ಬಟ್ಟನ್ನಲ್ಲ. ಒಳಗೆ ಹೋದದ್ದನ್ನು ಹೊರಗೆ ಬಿಡಲಾರದ ಹೊಟ್ಟೆಗೆ ಮತ್ತಷ್ಟು ತುಂಬಿದರೆ ಏನಾಗುತ್ತದೆಂಬುದನ್ನು ತಾವು ಮೂರನೆಯ ಖಾನೆಯಲ್ಲಿರುವ ಆ ವರದಿಯಲ್ಲಿಯೇ ಓದಿಕೊಳ್ಳಬಹುದು. ಪ್ರಕರಣ ನಡೆಯುತ್ತಿರುವಾಗ ಅದನ್ನು ಓದಲು ಕಲಂ ಅಡ್ಡಬಾರದ ಪ್ರಜೆ ಈ ಹೋಬಳಿಯಲ್ಲಿ ತಾವೊಬ್ಬರೇ.